ಫೋಟೋ ಸರಿಯಾಗಿದೆ, ಮುಖ ತಪ್ಪಾಗಿದೆ

ಸ್ಟುಡಿಯೋ ಮಾವನ ಬೋರ್ಡಿನ ಮೇಲೆ ಅಂಗಡಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ‘ನೀವು ಇದ್ದ ಹಾಗೆ’ ಎಂದು ಬರೆದಿತ್ತು. ಇಪ್ಪತ್ತಾರು ವರ್ಷಗಳಲ್ಲಿ ಆ ಅಂಗಡಿಯಿಂದ ಇದ್ದ ಹಾಗೆ ಹೊರಗೆ ಬಂದವರು ಒಬ್ಬರೂ ಇಲ್ಲ. ಮೊಡವೆಯವರು ಮೊಡವೆ ಕಳೆದುಕೊಂಡು ಬಂದರು, ಮಾಲುಗಣ್ಣಿನವರು ನೇರ ನೋಡಿಕೊಂಡು ಬಂದರು, ಎರಡು ಗದ್ದ ಹೊತ್ತು ಒಳಗೆ ಹೋದವರು ಒಂದೇ ಗದ್ದದಲ್ಲಿ ಹೊರಗೆ ಬಂದರು. ಇದರ ಬಗ್ಗೆ ಯಾರೂ ದೂರಿದ್ದಿಲ್ಲ. ನನ್ನ ಮುಖವನ್ನೇಕೆ ಇಷ್ಟು ಚೆನ್ನಾಗಿ ತೆಗೆದಿರಿ ಎಂದು ಜಗಳಕ್ಕೆ ನಿಲ್ಲುವ ಮನುಷ್ಯ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅಂಥವನು ಫೋಟೋ ತೆಗೆಸಿಕೊಳ್ಳಲು ಬರುವುದಿಲ್ಲ.

ಬೀದಿಯ ಮಕ್ಕಳನ್ನು ಸ್ಟೂಲಿನ ಮೇಲೆ ಕೂರಿಸಿ ‘ಗದ್ದ ಮೇಲೆ, ಅಲ್ಲಾಡಬೇಡ’ ಎಂದು ಹೇಳಿ ಹೇಳಿ ಅವರು ಎಲ್ಲರಿಗೂ ಮಾವ ಆಗಿದ್ದರು. ಕೌಂಟರಿನಲ್ಲಿ ಕುಳಿತು ಫೋಟೋ ಕತ್ತರಿಸಿ ಕವರಿಗೆ ಹಾಕಿ ಕೊಡುವ ಅವರ ಹೆಂಡತಿ ಅತ್ತೆ ಆಗಿದ್ದರು. ಆ ಮಕ್ಕಳು ಬೆಳೆದು ಅವರಿಗೇ ಮಕ್ಕಳಾದರೂ ಮಾವ ಮಾವನಾಗಿಯೇ ಉಳಿದರು, ಅತ್ತೆ ಅತ್ತೆಯಾಗಿಯೇ ಉಳಿದರು. ಮನೆ ಮೇಲೆ, ಅಂಗಡಿ ಕೆಳಗೆ. ಇಬ್ಬರ ಲೋಕಸಂಚಾರವೆಲ್ಲ ನಡುವಿನ ಹದಿನಾಲ್ಕು ಮೆಟ್ಟಿಲುಗಳಲ್ಲಿ ಮುಗಿಯುತ್ತಿತ್ತು.

ಸ್ಟೂಲಿನ ಹಿಂದೆ ಒಂದು ಪರದೆ ತೂಗುತ್ತಿತ್ತು. ಅದರಲ್ಲಿ ಹಿಮದ ಬೆಟ್ಟ, ಬೆಟ್ಟದ ಕೆಳಗೆ ಸರೋವರ, ದಡದಲ್ಲಿ ಕೆಂಪು ಮಾಡಿನ ಒಂದು ಪುಟ್ಟ ಮನೆ, ಮನೆಯ ಮುಂದೆ ಕಟ್ಟಿಹಾಕಿದ ಒಂದು ದೋಣಿ. ಬರೆದವನು ಯಾರೋ, ಬರೆದದ್ದು ಎಲ್ಲಿಯದೋ, ಮಾವನಿಗೆ ಗೊತ್ತಿರಲಿಲ್ಲ. ಇಡೀ ಬೀದಿ ಆ ಸರೋವರಕ್ಕೆ ಬೆನ್ನು ಹಾಕಿ ಕುಳಿತು ಫೋಟೋ ತೆಗೆಸಿಕೊಂಡಿತ್ತು. ಅದರ ಕಡೆ ಮುಖ ಮಾಡಿ ನಿಂತವರೆಂದರೆ ಅತ್ತೆ ಒಬ್ಬರೇ, ಅದೂ ವಾರಕ್ಕೊಮ್ಮೆ, ಧೂಳು ಹೊಡೆಯಲು.

ಹೀಗಿರುವಾಗ ಅತ್ತೆಯ ತಮ್ಮ ಒಂದು ವಿದೇಶ ಪ್ರವಾಸ ಮುಗಿಸಿ ಬಂದ. ನಲವತ್ತೆರಡು ಜನ, ಒಂದು ಬಸ್ಸು, ಒಬ್ಬ ಗೈಡು, ಎಲ್ಲರ ತಲೆಗೂ ಹಳದಿ ಟೋಪಿ. ಬಂದವನೇ ಅಕ್ಕನ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ನಾನೂರು ಫೋಟೋ ತೋರಿಸಿದ. ನೂರರ ಹೊತ್ತಿಗೆ ಮಾವ ಆಕಳಿಸಿದರು. ಇನ್ನೂರರ ಹೊತ್ತಿಗೆ ಅತ್ತೆ ಇದ್ದಕ್ಕಿದ್ದಂತೆ ಅವನ ಕೈ ಹಿಡಿದರು.

“ಇದು ನಮ್ಮ ಪರದೆ,” ಎಂದರು.

ನಿಜವೇ. ಅದೇ ಬೆಟ್ಟ, ಅದೇ ಸರೋವರ, ಕೆಂಪು ಮಾಡು, ದೋಣಿ ಸಹ. ಅಲ್ಲಿ ಎಷ್ಟು ಹೊತ್ತು ಇದ್ದೆ ಎಂದು ಅತ್ತೆ ಕೇಳಿದರು. ಹದಿನೈದು ನಿಮಿಷ, ಆಮೇಲೆ ಗೈಡು ಸೀಟಿ ಊದಿದ ಎಂದು ತಮ್ಮ ಹೇಳಿದ. ಹದಿನೈದೇ ನಿಮಿಷವೇ ಎಂದು ಅತ್ತೆ ಮತ್ತೆ ಕೇಳಿದರು. ಆ ದಡದಲ್ಲಿ ನಾನಾದರೆ ಒಂದು ಇಡೀ ದಿನ ಕೂತಿರುತ್ತಿದ್ದೆ ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಅಂದುಕೊಂಡದ್ದು ಗಟ್ಟಿಯಾಗಿಯೇ ಕೇಳಿಸಿತು.

ಭಾಮೈದ ಒಳ್ಳೆಯ ಮನಸ್ಸಿನಿಂದಲೇ, ಮುಂದಿನ ಸಲದ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಹೇಳುತ್ತೇನೆ ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. “ಗೈಡ್ ಇಲ್ದೆ ನಿಮ್ಮಂಥೋರು ಹೋಗೋ ಜಾಗ ಅಲ್ಲ ಅದು, ಭಾವ,” ಎಂದೂ ಸೇರಿಸಿದ.

ಮಾವ ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆಂದರೆ ಏನೋ ಎಡವಟ್ಟು ಕಾದಿದೆ ಎಂದು ಅತ್ತೆಗೆ ಗೊತ್ತು.

“ನಮಗೆ ಸೀಟಿ ಊದೋರು ಬೇಡ. ನಾವು ಸ್ವತಂತ್ರವಾಗಿ ಹೋಗ್ತೀವಿ,” ಎಂದರು ಮಾವ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾರನೆಯ ಬೆಳಿಗ್ಗೆ ಬೀದಿಗೆಲ್ಲ ಗೊತ್ತಾಗಿತ್ತು. ಮಾವನೂ ಸುಮ್ಮನೆ ಕೂರಲಿಲ್ಲ. ಫೋಟೋ ಕಾಗದದ ಹಿಂಬದಿಯಲ್ಲಿ ಒಂಬತ್ತು ದಿನಗಳ ವೇಳಾಪಟ್ಟಿ ಬರೆದರು. ಅದರಲ್ಲಿ ನಾಲ್ಕನೆಯ ದಿನದ ಮುಂದೆ ‘ದಡ, ಬೆಳಿಗ್ಗೆಯಿಂದ ಸಂಜೆ’ ಎಂದು ಬರೆದು ಅಡಿಗೆರೆ ಎಳೆದರು. ಆ ದೇಶದ ಭಾಷೆಯಲ್ಲಿ ‘ಬಸ್ ನಿಲ್ದಾಣ ಎಲ್ಲಿ’ ಎಂದು ಕೇಳುವುದನ್ನು ಬಾಯಿಪಾಠ ಮಾಡಿದರು. ಉತ್ತರ ಬಂದರೆ ಏನು ಮಾಡುವುದು ಎಂಬುದನ್ನು ಯೋಚಿಸಲಿಲ್ಲ. ಯಾರನ್ನೂ ಕೇಳದೆ ನಕ್ಷೆ ನೋಡಿ ನಡೆಯುವ ಅಭ್ಯಾಸವಾಗಲೆಂದು ಒಂದು ಭಾನುವಾರ ತಮ್ಮದೇ ಊರಿನ ಇನ್ನೊಂದು ತುದಿಗೆ ಹೋದರು. ಎರಡು ಗಂಟೆ ನಡೆದ ಮೇಲೆ, ಪರಿಚಯದ ಅಂಚೆಯವನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮನೆಗೆ ತಂದು ಬಿಟ್ಟ. ಟಿಕೆಟ್ಟು ತೆಗೆದದ್ದೂ ಆಯಿತು. ರದ್ದು ಮಾಡಿದರೆ ಒಂದು ಕಾಸೂ ವಾಪಸ್ಸಿಲ್ಲ ಎಂಬ ಜಾತಿಯ ಟಿಕೆಟ್ಟು ಅದು. ಉಳಿದದ್ದು ವೀಸಾ ಒಂದೇ.

ವೀಸಾ ಅರ್ಜಿಗೆ ಫೋಟೋ ಬೇಕಿತ್ತು. ಕಮ್ಮಾರನ ಮನೆಗೆ ಸೂಜಿ ಹೊರಗಿನಿಂದ ಬರುತ್ತದೆಯೇ? ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ ಮಾವ ಫೋಟೋ ತೆಗೆದರು. ಆಮೇಲೆ ಕ್ಯಾಮೆರಾಕ್ಕೆ ಟೈಮರ್ ಇಟ್ಟು ಓಡಿಹೋಗಿ ತಾವೂ ಕುಳಿತರು. ಸಂಜೆ ಕಂಪ್ಯೂಟರಿನ ಮುಂದೆ ಕುಳಿತು ತಮ್ಮ ಫೋಟೋವನ್ನು ಹತ್ತು ನಿಮಿಷದಲ್ಲಿ ಮುಗಿಸಿದರು. ಕೈ ತಾನಾಗಿಯೇ ಹೋಯಿತು. ಕಿವಿಯ ಪಕ್ಕದ ಕೂದಲನ್ನು ನಕಲು ಮಾಡಿ ನೆತ್ತಿಗೆ ಹಚ್ಚುವುದು, ಕಣ್ಣಿನ ಕೆಳಗಿನ ಚೀಲಗಳನ್ನು ಇಳಿಸುವುದು, ಹೊರಗೆ ಚಾಚಿದ ಎಡಗಿವಿಯನ್ನು ಒಳಗೆ ಒತ್ತುವುದು, ಇವೆಲ್ಲ ಅವರಿಗೆ ಉಸಿರಾಟದಷ್ಟೇ ಅಭ್ಯಾಸವಾಗಿದ್ದವು. ಆಮೇಲೆ ಹೆಂಡತಿಯ ಫೋಟೋ ತೆರೆದು ಒಂದು ಗಂಟೆ ಕುಳಿತರು. ಊಟಕ್ಕೆ ಬನ್ನಿ ಎಂದು ಅತ್ತೆ ಮೇಲಿನಿಂದ ಎರಡು ಸಲ ಕೂಗಿದರು.

ಒಂದು ಗಂಟೆ ಹಿಡಿಯಿತು ಎಂದ ಮೇಲೆ ತಮ್ಮ ಮುಖ ಬಹಳ ಚೆನ್ನಾಗಿ ಬಂದಿರಬೇಕು ಎಂದು ಅತ್ತೆ ಎಣಿಸಿದ್ದರು. ಮಾರನೆಯ ದಿನ ಪ್ರಿಂಟು ಕತ್ತರಿಸಲು ಕುಳಿತಾಗ ನೋಡಿದರು. ಕಟ್ಟರಿನ ಎಡಗಡೆ ಕಪ್ಪು ಕೂದಲಿನ, ನುಣುಪು ಕೆನ್ನೆಯ, ಮೂವತ್ತೈದರ ಒಬ್ಬ ಗಂಡಸು. ಬಲಗಡೆ ಐವತ್ತೆರಡರ ಒಬ್ಬ ಹೆಂಗಸು. ಕೆನ್ನೆಯ ಮೇಲಿನ ನರುಳ್ಳೆ ಇದ್ದಲ್ಲೇ ಇತ್ತು, ಹಣೆಯ ಗೆರೆಗಳು ಲೆಕ್ಕಕ್ಕೆ ಒಂದೂ ಕಡಿಮೆಯಿರಲಿಲ್ಲ, ಬೈತಲೆಯ ಬಿಳಿ ಕೂದಲು ಎದ್ದು ನಿಂತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಬೀದಿಯವರಿಗೆಲ್ಲ ತಿದ್ದಿದ ಕೈ, ತನ್ನನ್ನೂ ತಿದ್ದಿಕೊಂಡ ಕೈ, ಹೆಂಡತಿಯ ಮುಖದ ಹತ್ತಿರ ಬರುವಾಗ ಸೋಮಾರಿಯಾಗಿತ್ತು. ಅತ್ತೆ ಎರಡನ್ನೂ ಅಳತೆಗೆ ಸರಿಯಾಗಿ ಕತ್ತರಿಸಿದರು, ಕವರಿಗೆ ಹಾಕಿದರು, ಮಾತು ನಿಲ್ಲಿಸಿದರು. ಪೂರ್ತಿ ನಿಲ್ಲಿಸಲಿಲ್ಲ. ಊಟ ಆಯ್ತು, ಗಿರಾಕಿ ಬಂದಿದ್ದಾರೆ, ದೀಪ ಆರಿಸಿ, ಈ ಮೂರು ಮಾತು ಉಳಿಸಿಕೊಂಡರು. ಪ್ರವಾಸದ ಆತಂಕ ಇರಬೇಕು ಎಂದು ಮಾವ ತಿಳಿದರು. ಗಂಡಸರ ತಿಳಿವಳಿಕೆಗೆ ಒಂದು ಮಿತಿಯಿದೆ.

ಹೀಗೆ ಮೂರು ವಾರ ಕಳೆಯಿತು. ಮುಂದಿನ ಸೋಮವಾರ ವಿಮಾನ ಎನ್ನುವಾಗ, ಮಂಗಳವಾರ ಮಧ್ಯಾಹ್ನ ವೀಸಾ ಕಚೇರಿಯಿಂದ ಒಂದು ಪತ್ರ ಬಂತು. ಮಾವ ಅದನ್ನು ಕೌಂಟರಿನ ಮೇಲಿಟ್ಟು ಮೂರು ಸಲ ಓದಿದರು.

‘ಅರ್ಜಿದಾರರ ಭಾವಚಿತ್ರದ ವಿಷಯವಾಗಿ ಸಂದೇಹವಿರುತ್ತದೆ. ಅರ್ಜಿದಾರರು ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಮೂಲ ಪಾಸ್‌ಪೋರ್ಟ್ ಸಹಿತ ಖುದ್ದಾಗಿ ಹಾಜರಾಗಿ, ಸದರಿ ಚಿತ್ರದಲ್ಲಿರುವವರು ತಾವೇ ಎಂದು ದೃಢಪಡಿಸತಕ್ಕದ್ದು. ತಪ್ಪಿದಲ್ಲಿ ಅರ್ಜಿಯನ್ನು ತಿರಸ್ಕರಿಸಲಾಗುವುದು.’

ಮಾವ ಗೋಡೆಯ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡರು. ಬೋಳು ನೆತ್ತಿ, ಬಾಗಿಲು ತೆರೆದಿಟ್ಟಂಥ ಎಡಗಿವಿ. ಕೈಯಲ್ಲಿದ್ದ ಫೋಟೋ ನೋಡಿದರು. ಮತ್ತೆ ಕನ್ನಡಿ ನೋಡಿದರು. ಮೂರು ವಾರದಲ್ಲಿ ಮೊದಲ ಬಾರಿಗೆ ಅತ್ತೆ ನಾಲ್ಕನೆಯ ಮಾತು ಆಡಿದರು.

“ಇನ್ನೊಂದು ಫೋಟೋ ತೆಗೆದುಕೊಂಡು ಹೋದ್ರಾಯ್ತಲ್ಲ. ಇದ್ದ ಹಾಗೆ.”

ಲೋಕದಲ್ಲಿ ಬೇರೆ ಯಾವ ಕಸುಬಿನವನೇ ಆಗಿದ್ದರೂ ಈ ಮಾತಿಗೆ ಹೂಂ ಎನ್ನುತ್ತಿದ್ದ, ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಮಾವ ಮಾತ್ರ ಸರ್ರನೆ ತಿರುಗಿದರು.

“ಬೇರೆ ಫೋಟೋ ಕೊಟ್ರೆ ಮೊದಲನೇದು ಸುಳ್ಳು ಅಂತ ನಾನೇ ಒಪ್ಕೊಂಡ ಹಾಗಲ್ವಾ? ಇಪ್ಪತ್ತಾರು ವರ್ಷದಲ್ಲಿ ಈ ಅಂಗಡಿಯ ಒಂದು ಫೋಟೋ ವಾಪಸ್ ಬಂದಿಲ್ಲ. ಫೋಟೋ ಸರಿಯಾಗೇ ಇದೆ. ಮುಖ ತಪ್ಪಾಗಿದೆ,” ಎಂದರು.

ಆ ಕ್ಷಣದಿಂದ ಮುಖ ತಿದ್ದುವ ಕೆಲಸ ಶುರುವಾಯಿತು.

ಪಕ್ಕದ ಅಂಗಡಿಯ ಟೈಲರಿಗೆ ಬೀದಿಯಲ್ಲಿ ‘ಅರ್ಧ ಇಂಚು’ ಎಂದು ಹೆಸರು. ಅವನು ಹೊಲಿದ ಯಾವ ಬಟ್ಟೆಯೂ ಅರ್ಧ ಇಂಚು ಹೆಚ್ಚಿಲ್ಲದೆ ಅಥವಾ ಕಡಿಮೆಯಿಲ್ಲದೆ ಬಂದದ್ದಿಲ್ಲ. ಪತ್ರದ ಸುದ್ದಿ ಕೇಳಿ ಅವನ ಕೈಯಿಂದ ಟೇಪು ಜಾರಿತು. ಮಾವನ ಮೇಲಿನ ಪ್ರೀತಿ ಇದ್ದೇ ಇತ್ತು. ಅದಕ್ಕಿಂತ ಹೆಚ್ಚಾಗಿ ಅವನ ಲೈಸೆನ್ಸಿನಲ್ಲಿ ಅವನಿಗಿಲ್ಲದ ಒಂದು ದಟ್ಟ ಮೀಸೆ ಇತ್ತು, ಮಾವ ದಯಪಾಲಿಸಿದ್ದು. ಎದುರು ಮನೆಯ ನಿವೃತ್ತ ಹೆಡ್‌ಮೇಡಂ ಕೂಡ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿ ಬಂದರು. ಅವರ ಪಿಂಚಣಿ ಕಾರ್ಡಿನ ಫೋಟೋ ಎಷ್ಟು ಚೆನ್ನಾಗಿತ್ತೆಂದರೆ, ನಿವೃತ್ತಿಗೆ ಇನ್ನೂ ಹದಿನೆಂಟು ವರ್ಷ ಬಾಕಿ ಇದ್ದ ಹಾಗೆ ಕಾಣುತ್ತಿತ್ತು. ಇವತ್ತು ಮಾವ, ನಾಳೆ ನಾವು ಎಂದು ಇಬ್ಬರಿಗೂ ಒಂದೇ ಹೊತ್ತಿಗೆ ಹೊಳೆಯಿತು. ಈ ಫೋಟೋ ತೆಗೆದವರು ಯಾರು, ಇನ್ನೂ ಯಾರ್ಯಾರಿಗೆ ತೆಗೆದಿದ್ದಾರೆ ಎಂದು ಆ ಕಚೇರಿಯವರು ಕೇಳಿದರೆ ಬೀದಿಗೆ ಬೀದಿಯೇ ಜೈಲಿಗೆ ಎಂದು ಟೈಲರ್ ತೀರ್ಮಾನಿಸಿದ. ಮೇಡಂ ಅವನನ್ನು ಬೈದರು, ಆದರೆ ಅಲ್ಲವೆಂದು ಹೇಳಲಿಲ್ಲ.

ಬುಧವಾರ ಅಂಗಡಿಯ ಷಟರ್ ಅರ್ಧ ಇಳಿಸಿ ಮಾವನನ್ನು ಅವರದೇ ಸ್ಟೂಲಿನ ಮೇಲೆ ಕೂರಿಸಿದರು. ಶಾಲಾ ನಾಟಕಗಳಿಗೆ ಉಡುಪು ಹೊಲಿಯುವ ಟೈಲರ್ ತನ್ನ ಪೆಟ್ಟಿಗೆಯಿಂದ ಒಂದು ವಿಗ್ಗು ತಂದ. ಅದು ಹಿಂದಿನ ವರ್ಷ ರಾಜಕುಮಾರನ ಪಾತ್ರ ಮಾಡಿತ್ತು, ಹೆಗಲವರೆಗೆ ಇತ್ತು. ಹೆಡ್‌ಮೇಡಂ ಒಂದು ಕೈಯಲ್ಲಿ ಫೋಟೋ, ಇನ್ನೊಂದು ಕೈಯಲ್ಲಿ ಅಡಿಕೋಲು ಹಿಡಿದು ಹಣೆಯ ಅಳತೆ ಹೇಳಿದರು. ಟೈಲರ್ ಕತ್ತರಿಸಿದ. ಎಡಕ್ಕೆ ಅರ್ಧ ಇಂಚು ಹೆಚ್ಚಾಯಿತು. ಸರಿಮಾಡಲು ಹೋದ, ಬಲಕ್ಕೆ ಅರ್ಧ ಇಂಚು ಕಡಿಮೆಯಾಯಿತು. ಕೊನೆಗೆ ವಿಗ್ಗನ್ನೇ ಅರ್ಧ ಇಂಚು ತಿರುಗಿಸಿ ಅಂಟಿಸಿದರು. ಎಡಗಿವಿಯನ್ನು ಆಲ್ಬಮ್ಮಿಗೆ ಫೋಟೋ ಅಂಟಿಸುವ ಎರಡು ಬದಿಯ ಟೇಪಿನಿಂದ ತಲೆಗೆ ಒತ್ತಿ ಅಂಟಿಸಿದರು. ಕಣ್ಣಿನ ಕೆಳಗೆ ಪೌಡರು ಮೆತ್ತಿದರು. ನಗಬೇಡಿ, ಜೋರಾಗಿ ಮಾತಾಡಬೇಡಿ, ಬಗ್ಗಬೇಡಿ ಎಂದು ಮೇಡಂ ಆಜ್ಞೆ ಮಾಡಿದರು.

“ಅಲ್ಲಾಡಬೇಡಿ ಮಾವ,” ಎಂದ ಟೈಲರ್.

ಜೀವಮಾನವೆಲ್ಲ ಊರಿಗೆ ಹೇಳಿದ ಮಾತು ತಮ್ಮ ತಲೆಗೇ ಬಂದು ಕೂತದ್ದು ಮಾವನಿಗೆ ಹಿತವೆನಿಸಲಿಲ್ಲ. ಅತ್ತೆ ಕೌಂಟರಿನ ಹಿಂದೆ ನಿಂತು ಯಾರದೋ ಫೋಟೋ ಕತ್ತರಿಸುತ್ತಿದ್ದರು. ಹೇಗಿದೆ ಎಂದು ಮಾವ ಕೇಳಿದ್ದಕ್ಕೆ, ಗಿರಾಕಿ ಬಂದಿದ್ದಾರೆ ಎಂದರು. ಯಾರೂ ಬಂದಿರಲಿಲ್ಲ.

ಗುರುವಾರ ಸಂಜೆ ಭಾಮೈದ ಬಂದ. ಬಾಗಿಲಲ್ಲಿ ನಿಂತು ಮಾವನನ್ನು ನೋಡಿ, ಭಾವ ಇಲ್ಲವೇ ಎಂದು ಮಾವನನ್ನೇ ಕೇಳಿದ. ಇದರಿಂದ ಮಾವನಿಗೆ ಅಪಾರ ಧೈರ್ಯ ಬಂತು. ಆದರೆ ವಿಷಯ ತಿಳಿದ ಮೇಲೆ ಭಾಮೈದ ಅಕ್ಕನನ್ನು ಅಡುಗೆಮನೆಗೆ ಕರೆದುಕೊಂಡು ಹೋದ. ಅವನ ಬಸ್ಸಿನಲ್ಲಿ ಇನ್ನೂ ಎರಡು ಸೀಟು ಇದ್ದವು. ಆ ಕಂಪನಿಯವರು ಅರ್ಜಿಯನ್ನೆಲ್ಲ ತಾವೇ ನೋಡಿಕೊಳ್ಳುತ್ತಾರೆ. ಭಾವನ ಕೆಲಸ ಕೆಟ್ಟರೆ ಅಕ್ಕ ಒಬ್ಬಳಾದರೂ ಬರಲಿ, ನಾಳೆ ಸಂಜೆಯೊಳಗೆ ಹೇಳಿದರೆ ಸಾಕು ಎಂದ. ಬಾಗಿಲ ಹಿಂದೆ ಮಾವ ಕಿವಿಗೊಟ್ಟು ನಿಂತಿದ್ದರು. ಅತ್ತೆ ಬೇಡ ಎನ್ನುತ್ತಾರೆ ಎಂದು ಕಾದರು. ನೀರಿನ ನಲ್ಲಿ ತಿರುಗಿಸಿದ ಸದ್ದು ಕೇಳಿತು, ನಿಲ್ಲಿಸಿದ ಸದ್ದು ಕೇಳಿತು.

“ನಾಳೆ ಸಂಜೆ ಹೇಳ್ತೀನಿ,” ಎಂದರು ಅತ್ತೆ.

ಮಾವನಿಗೆ ಆಗ ನಿಜವಾಗಿ ಹೆದರಿಕೆಯಾಯಿತು. ಟಿಕೆಟ್ಟು ಹೋದರೆ ಹೋಗಲಿ, ಬೀದಿಯ ಮಾನ ಹೋದರೂ ಹೋಗಲಿ. ಹಳದಿ ಟೋಪಿ ಹಾಕಿಕೊಂಡು ಹೆಂಡತಿ ಆ ದಡದಲ್ಲಿ ಒಬ್ಬಳೇ ನಿಂತಿರುವುದು, ಹದಿನೈದು ನಿಮಿಷಕ್ಕೆ ಸೀಟಿ ಊದುವುದು, ಅವಳು ತಿರುಗಿ ತಿರುಗಿ ನೋಡುತ್ತ ಬಸ್ಸು ಹತ್ತುವುದು ಕಣ್ಣ ಮುಂದೆ ಬಂತು. ಅದನ್ನು ಮಾತ್ರ ಅವರಿಂದ ಸಹಿಸಲಾಗಲಿಲ್ಲ.

ಶುಕ್ರವಾರ ಒಂಬತ್ತೂವರೆಗೇ ಇಬ್ಬರೂ ವೀಸಾ ಕಚೇರಿಯಲ್ಲಿದ್ದರು. ದೊಡ್ಡ ಹಾಲ್, ಸಾಲು ಕುರ್ಚಿಗಳು, ಗಾಜಿನ ಹಿಂದೆ ಆರು ಕೌಂಟರು, ಬಾಗಿಲಲ್ಲಿ ಒಬ್ಬ ಗಾರ್ಡು. ಮೂಲೆಯಲ್ಲಿ ನಾಣ್ಯ ಹಾಕಿದರೆ ತಾನೇ ಫೋಟೋ ತೆಗೆದು ಕೊಡುವ ಒಂದು ಯಂತ್ರ ನಿಂತಿತ್ತು. ಅದನ್ನು ಮಾವ ಸವತಿಯ ಮಗುವನ್ನು ನೋಡುವ ಹಾಗೆ ನೋಡಿ ಮುಖ ತಿರುಗಿಸಿದರು. ಮುಖ ಮಾತ್ರ ತಿರುಗಿಸಲು ಬರುತ್ತಿರಲಿಲ್ಲ, ಆದ್ದರಿಂದ ಇಡೀ ಮೈ ತಿರುಗಿಸಿದರು.

ಟೋಕನ್ ನಂಬರು ಮೂವತ್ತೇಳು. ನಡೆಯುತ್ತಿದ್ದದ್ದು ಹನ್ನೊಂದು. ಎಲ್ಲ ಖಾಲಿ ಕುರ್ಚಿಗಳೂ ಒಂದು ಸ್ಟ್ಯಾಂಡ್ ಫ್ಯಾನಿನ ಎದುರಿಗಿದ್ದವು. ಫ್ಯಾನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತಿರುಗಿ ಹಾಲಿಗೆಲ್ಲ ಗಾಳಿ ಹಂಚುತ್ತಿತ್ತು. ಅದು ಈ ಕಡೆ ಬಂದಾಗಲೆಲ್ಲ ಮಾವ ಏನೋ ನೆನಪಾದವರಂತೆ ಹಣೆಗೆ ಕೈ ಇಟ್ಟುಕೊಂಡರು. ಇಪ್ಪತ್ತು ನಿಮಿಷ ಹೀಗೆ ನಡೆಯಿತು. ಪಕ್ಕದಲ್ಲಿದ್ದ ಮುದುಕರೊಬ್ಬರು, ತಲೆನೋವೇ, ಮಾತ್ರೆ ಇದೆ ಕೊಡಲೇ ಎಂದು ಕೇಳಿದರು. ಗಾಳಿ ತಪ್ಪಿಸಲು ಮಾವ ಎದ್ದು ಗೋಡೆಯ ಪಕ್ಕ ನಿಂತರು. ಅಲ್ಲಿ ಗಾಳಿ ಇರಲಿಲ್ಲ, ಸೆಕೆ ಇತ್ತು. ಬೆವರಿನ ಒಂದು ಹನಿ ವಿಗ್ಗಿನ ಒಳಗಿನಿಂದ ಹೊರಟು ಪೌಡರಿನ ಮೇಲೆ ದಾರಿ ಮಾಡಿಕೊಂಡು ಗದ್ದದವರೆಗೆ ಬಂತು. ಒರೆಸುವಂತಿಲ್ಲ. ಇಪ್ಪತ್ತೊಂಬತ್ತು ಎಂದು ಕೂಗಿದಾಗ ಎಡಗಿವಿಯ ಟೇಪು ಮೆಲ್ಲಗೆ ಬಿಡತೊಡಗಿತು. ಮೂವತ್ನಾಲ್ಕಕ್ಕೆ ಕಿವಿ ಪಟಕ್ಕನೆ ತನ್ನ ಸ್ವಸ್ಥಾನಕ್ಕೆ ಮರಳಿತು.

ಮಾವ ಹೆಂಡತಿಯ ಕಡೆ ನೋಡಿದರು. ಅತ್ತೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಎದುರಿನ ಗೋಡೆ ನೋಡುತ್ತಿದ್ದರು. ಮೂವತ್ತೈದು. ಮೂವತ್ತಾರು. ಮಾವ ಕಿವಿಯನ್ನು ಅಂಗೈಯಿಂದ ಒತ್ತಿ ಹಿಡಿದು ಕೌಂಟರಿಗೆ ಹೋದರು.

ಗಾಜಿನ ಹಿಂದಿದ್ದ ಹುಡುಗಿ ಕೈ ಇಳಿಸಲು ಹೇಳಿದಳು. ಇಳಿಸಿದರು, ದೇವರು ದೊಡ್ಡವನು, ಕಿವಿ ಅಂಟಿಕೊಂಡಿತ್ತು. ಆಕೆ ಅರ್ಜಿಯ ಫೋಟೋ ನೋಡಿದಳು, ಮಾವನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು.

“ಸರಿಯಾಗಿದೆ. ಫೋಟೋದಲ್ಲಿರೋರು ನೀವೇ,” ಎಂದಳು.

ಮಾವನ ಎದೆಯ ಮೇಲಿದ್ದ ಬಂಡೆ ಇಳಿಯಿತು. ಅರ್ಧ ಇಂಚಿನ ಟೈಲರಿಗೆ ಮನಸ್ಸಿನಲ್ಲೇ ಕೈ ಮುಗಿದರು. ಅಷ್ಟರಲ್ಲಿ ಹುಡುಗಿ ಪಾಸ್‌ಪೋರ್ಟ್ ತೆರೆದಳು.

ಪಾಸ್‌ಪೋರ್ಟಿನ ಫೋಟೋ ತೆಗೆದದ್ದು ಮಾವ ಅಲ್ಲ. ಅದನ್ನು ಐದು ವರ್ಷದ ಹಿಂದೆ ಪಾಸ್‌ಪೋರ್ಟ್ ಕಚೇರಿಯವರು ತಮ್ಮದೇ ಕ್ಯಾಮೆರಾದಲ್ಲಿ, ಅಲ್ಲೇ ನಿಲ್ಲಿಸಿ ತೆಗೆದಿದ್ದರು. ಅದರಲ್ಲಿ ನೆತ್ತಿ ಹೊಳೆಯುತ್ತಿತ್ತು, ಚೀಲಗಳು ತುಂಬಿದ್ದವು, ಎಡಗಿವಿ ಪುಟದ ಅಂಚಿನವರೆಗೆ ಬಂದಿತ್ತು. ಹುಡುಗಿ ಅದನ್ನು ನೋಡಿದಳು, ಮಾವನನ್ನು ನೋಡಿದಳು.

“ಇವರು ಯಾರು?” ಎಂದು ಕೇಳಿದಳು.

ನಾನೇ ಎಂದರು ಮಾವ. ಹಾಗಾದರೆ ಅರ್ಜಿಯಲ್ಲಿರುವವರು ಯಾರು ಎಂದು ಕೇಳಿದಳು. ಅದೂ ನಾನೇ ಎಂದರು. ಹುಡುಗಿ ತಾಳ್ಮೆಯಿಂದ ಬಿಡಿಸಿ ಹೇಳಿದಳು: ಕಚೇರಿಗೆ ಬಂದ ಸಂದೇಹವೇ ಇದು, ಪಾಸ್‌ಪೋರ್ಟಿನ ಮುಖವೂ ಅರ್ಜಿಯ ಮುಖವೂ ಬೇರೆ ಬೇರೆ. ಅರ್ಜಿಗೆ ತಪ್ಪಿ ಬೇರೆ ಯಾರದೋ ಫೋಟೋ ಅಂಟಿಸಿರಬೇಕು, ಪಾಸ್‌ಪೋರ್ಟಿನವರು ಖುದ್ದಾಗಿ ಬಂದರೆ ಎರಡು ನಿಮಿಷದಲ್ಲಿ ಬಗೆಹರಿಯುತ್ತದೆ ಎಂದುಕೊಂಡಿದ್ದರು. ಆದರೆ ಈಗ ಪಾಸ್‌ಪೋರ್ಟಿನವರ ಬದಲು ಫೋಟೋದವರು ಬಂದಿದ್ದಾರೆ. ಅಂದರೆ ಬೇರೆಯವರ ಪಾಸ್‌ಪೋರ್ಟ್ ಹಿಡಿದುಕೊಂಡು ಬಂದಿದ್ದಾರೆ. ಅದು ಅಪರಾಧ ಎಂದು ಹೇಳಿ ಕರೆಗಂಟೆ ಒತ್ತಿದಳು.

ಒಳಗಿನಿಂದ ಕನ್ನಡಕದ ಹಿರಿಯ ಅಧಿಕಾರಿ ಬಂದರು. ಬಾಗಿಲಿನ ಗಾರ್ಡು ತಾನಾಗಿಯೇ ಎರಡು ಹೆಜ್ಜೆ ಮುಂದೆ ಬಂದ. ಮಾತ್ರೆ ಕೊಡಲು ಬಂದಿದ್ದ ಮುದುಕರು ಕುರ್ಚಿ ಬದಲಿಸಿದರು. ಮಾವನ ಬಾಯಿಯಿಂದ ಎಷ್ಟು ಪ್ರಯತ್ನಪಟ್ಟರೂ ಹೊರಟದ್ದು, ಬಾಯಿಪಾಠ ಮಾಡಿದ್ದ ಆ ಪರದೇಶದ ಒಂದೇ ವಾಕ್ಯ, ಬಸ್ ನಿಲ್ದಾಣ ಎಲ್ಲಿ ಎಂಬುದು. ಅಧಿಕಾರಿಯ ಹುಬ್ಬು ಮೇಲೇರಿತು. ಅವರು ಅತ್ತೆಯನ್ನು ಹತ್ತಿರ ಕರೆದರು.

“ನೋಡಿಯಮ್ಮ, ಯೋಚನೆ ಮಾಡಿ ಹೇಳಿ. ಇವರು ನಿಮ್ಮ ಯಜಮಾನರಾ?”

ಅತ್ತೆ ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಡಿಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಮಾವನಿಗೆ ತಮ್ಮ ಮದುವೆಯ ಇಷ್ಟೂ ವರ್ಷ ಆ ನೋಟದಲ್ಲಿ ತೂಗಿಹೋದ ಹಾಗಾಯಿತು. ಅಲ್ಲ ಎಂದುಬಿಟ್ಟರೆ? ಸಂಜೆ ತಮ್ಮನಿಗೆ ಫೋನು ಮಾಡಿ ಒಂದು ಸೀಟು ಹೇಳಿದರೆ ಅವಳ ಕೆಲಸ ಮುಗಿಯಿತು.

“ಪಾಸ್‌ಪೋರ್ಟಿನಲ್ಲಿರೋರು ನಮ್ಮ ಯಜಮಾನ್ರು. ಇವರು ಬುಧವಾರದಿಂದ ನಮ್ಮನೇಲಿದ್ದಾರೆ,” ಎಂದರು ಅತ್ತೆ.

ಗಾರ್ಡು ಇನ್ನೊಂದು ಹೆಜ್ಜೆ ಮುಂದೆ ಬಂದ. ಅತ್ತೆ ಮಾವನ ಕಡೆ ತಿರುಗಿ, “ತೆಗೀರಿ,” ಎಂದರು.

ಮಾವ ವಿಗ್ಗಿನ ಅಂಚು ಹಿಡಿದು ಎಳೆದರು. ಟೈಲರ್ ಜೀವನದಲ್ಲಿ ಒಂದೇ ಒಂದು ಕೆಲಸವನ್ನು ಗಟ್ಟಿಯಾಗಿ ಮಾಡಿದ್ದ, ಅದು ಇದು. ಎರಡನೆಯ ಸಲ ಎಳೆದಾಗ ಹುಬ್ಬಿನ ನಾಲ್ಕು ಕೂದಲನ್ನೂ ಜೊತೆಗೆ ಕರೆದುಕೊಂಡು ರಾಜಕುಮಾರ ಕೈಗೆ ಬಂದ. ಕಿವಿಯೂ ಅದೇ ಹೊತ್ತಿಗೆ ಬಿಡುಗಡೆ ಪಡೆಯಿತು. ಬೆವರು, ಪೌಡರು, ಅಂಟು ಎಲ್ಲ ಸೇರಿದ ಆ ಮುಖವನ್ನು ಅಧಿಕಾರಿ ಪಾಸ್‌ಪೋರ್ಟಿನ ಪಕ್ಕ ಹಿಡಿದು ನೋಡಿದರು. ಕಿವಿ ನೋಡಿದ ಮೇಲೆ ಅವರಿಗೆ ಯಾವ ಸಂದೇಹವೂ ಉಳಿಯಲಿಲ್ಲ.

ಅರ್ಜಿಯ ಫೋಟೋ ತೆಗೆದವರು ಯಾರು ಎಂದು ಅವರು ಕೇಳಿದರು. ಸುಳ್ಳು ಹೇಳುವ ಶಕ್ತಿ ಮಾವನಲ್ಲಿ ಉಳಿದಿರಲಿಲ್ಲ, ನಾನೇ ಎಂದರು. ಕಸುಬೇ ಅದು, ಕೈ ತಾನಾಗಿ ಹೋಯಿತು ಎಂದರು. ಅಧಿಕಾರಿ ಅತ್ತೆಯ ಅರ್ಜಿ ತೆಗೆದು ನೋಡಿದರು. ಅದರಲ್ಲಿ ಪಾಸ್‌ಪೋರ್ಟಿನ ಮುಖಕ್ಕೂ ಫೋಟೋದ ಮುಖಕ್ಕೂ ಒಂದು ಕೂದಲಿನ ವ್ಯತ್ಯಾಸವೂ ಇರಲಿಲ್ಲ.

“ಇದನ್ನೂ ನೀವೇ ತೆಗೆದದ್ದಾ? ಹಾಗಾದ್ರೆ ಇದಕ್ಕೆ ಯಾಕೆ ಕೈ ಹಾಕಲಿಲ್ಲ?”

ಮೂರು ವಾರದಿಂದ ಅತ್ತೆ ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಗುರುತು ಪರಿಚಯವಿಲ್ಲದ ಮನುಷ್ಯನೊಬ್ಬ ಕಚೇರಿಯ ಧ್ವನಿಯಲ್ಲಿ ಕೇಳಿಬಿಟ್ಟಿದ್ದ. ಅವರು ಗಂಡನನ್ನು ನೋಡಲಿಲ್ಲ, ಗಾಜನ್ನು ನೋಡಿದರು.

ಮಾವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕೈಯಲ್ಲಿ ವಿಗ್ಗು ಹಿಡಿದು, ಎಲ್ಲರಿಗೂ ಗೊತ್ತಿರುವುದನ್ನು ಮತ್ತೆ ಹೇಳಬೇಕಾಯಿತಲ್ಲ ಎನ್ನುವ ಹಾಗೆ ಹೇಳಿದರು.

“ಹಾಕೋಣ ಅಂತಾನೇ ಕೂತೆ ಸಾರ್. ಒಂದು ಗಂಟೆ ಕೂತೆ, ಊಟಕ್ಕೂ ಹೋಗ್ಲಿಲ್ಲ. ಎಲ್ಲಿ ನೋಡಿದ್ರೂ ಏನೂ ಸಿಗ್ಲಿಲ್ಲ. ಅದರಲ್ಲಿ ತೆಗೆಯೋಕೆ ಏನಿದೆ?”

ಗಾಜಿನ ಹಿಂದಿನ ಹುಡುಗಿ ತಲೆ ತಗ್ಗಿಸಿ ಏನನ್ನೋ ಬರೆಯತೊಡಗಿದಳು. ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ಯಾರ ಕೈಯೂ ತಾಗದ ಒಂದು ಫೋಟೋ ಈಗಿಂದೀಗಲೇ ತಂದುಕೊಡಿ, ಅಲ್ಲಿ ಯಂತ್ರ ಇದೆ ಎಂದು ಮೂಲೆಯ ಕಡೆ ಕೈ ತೋರಿಸಿದರು.

ಮಾವನ ಮಟ್ಟಿಗೆ ಜೈಲೇ ವಾಸಿ ಎನ್ನುವ ಶಿಕ್ಷೆ ಅದು. ಆದರೆ ಅತ್ತೆ ಆಗಲೇ ಅವರ ರಟ್ಟೆ ಹಿಡಿದು ಹೊರಟಿದ್ದರು. ಯಂತ್ರದ ಸ್ಟೂಲಿನ ಮೇಲೆ ಗಂಡನನ್ನು ಕೂರಿಸಿದರು. ಸೆರಗಿನ ತುದಿಯಿಂದ ಪೌಡರು ಒರೆಸಿದರು, ಅಂಟಿನ ಗುರುತು ಹೋಗಲಿಲ್ಲ, ಬಿಟ್ಟರು. ಲೋಕದ ಮುಖಗಳನ್ನೆಲ್ಲ ತೆಗೆದ ಮಾವ ಆ ಕಪ್ಪು ಗಾಜಿನ ಮುಂದೆ ಶಾಲೆಗೆ ಮೊದಲ ದಿನ ಬಂದ ಮಗುವಿನ ಹಾಗೆ ಕುಳಿತರು. ಕಣ್ಣು ಎಲ್ಲಿಡಬೇಕು, ಕೈ ಎಲ್ಲಿಡಬೇಕು ಒಂದೂ ತಿಳಿಯಲಿಲ್ಲ.

“ಗದ್ದ ಮೇಲೆ. ಇಷ್ಟು ಸಾಕು. ಅಲ್ಲಾಡಬೇಡಿ,” ಎಂದು ಹೇಳಿ ಅತ್ತೆ ಗುಂಡಿ ಒತ್ತಿದರು.

ನಾಲ್ಕು ಫೋಟೋ ಹೊರಗೆ ಬಂದವು. ಬಾಯಿ ಅರ್ಧ ತೆರೆದಿತ್ತು, ಹುಬ್ಬು ಒಂದೂವರೆ ಇತ್ತು, ನೆತ್ತಿಯ ಮೇಲೆ ಅಂಟಿನ ಒಂದು ಗೆರೆ ಮಿಂಚುತ್ತಿತ್ತು. ಕಿವಿಯ ವಿಷಯ ಹೇಳುವುದೇ ಬೇಡ. ಎರಡು ಫೋಟೋ ಕಚೇರಿಯವರು ಇಟ್ಟುಕೊಂಡರು. ಉಳಿದ ಎರಡನ್ನು ಹರಿದುಹಾಕಲು ಮಾವ ಕೈ ಚಾಚಿದರು. ಒಂದು ಸಿಕ್ಕಿತು. ಇನ್ನೊಂದನ್ನು ಅತ್ತೆ ಬ್ಯಾಗಿನೊಳಗೆ ಹಾಕಿ ಜಿಪ್ಪು ಎಳೆದರು.

ಮನೆಗೆ ಬರುವ ಬಸ್ಸಿನಲ್ಲಿ ಅತ್ತೆ ತಮ್ಮನಿಗೆ ಫೋನು ಮಾಡಿ, ಆ ಎರಡು ಸೀಟನ್ನು ಬೇರೆ ಯಾರಿಗಾದರೂ ಕೊಡು ಎಂದರು. ಆಮೇಲೆ ಮಾತು ಶುರುಮಾಡಿದರು. ಮೂರು ವಾರದ ಬಾಕಿ ಮಾತೆಲ್ಲ ಹನ್ನೊಂದು ನಿಲ್ದಾಣಗಳಲ್ಲಿ ಮುಗಿಯಲಿಲ್ಲ, ಹದಿನಾಲ್ಕು ಮೆಟ್ಟಿಲು ಹತ್ತುವಾಗಲೂ ನಡೆದಿತ್ತು. ಅದರಲ್ಲಿ ಮುಕ್ಕಾಲು ಪಾಲು ಬೈಗುಳ. ಮಾವ ಅಲ್ಲಾಡದೆ ಕೇಳಿಸಿಕೊಂಡರು.

ಶನಿವಾರ ವೀಸಾ ಬಂತು. ಸೋಮವಾರ ಮಧ್ಯಾಹ್ನ ಎರಡು ಪೆಟ್ಟಿಗೆ ರಸ್ತೆಗಿಳಿದವು. ಬೀಳ್ಕೊಡಲು ಹೆಡ್‌ಮೇಡಂ ಬಂದರು, ಈ ಸಲ ಚಪ್ಪಲಿ ಹಾಕಿಕೊಂಡು. ವಿಗ್ಗು ವಾಪಸ್ಸು ಕೇಳಲು ಟೈಲರ್ ಬಂದ. ಮಾವ ಕಾರಿನವನಿಗೆ ವಿಮಾನ ನಿಲ್ದಾಣದ ದಾರಿಯನ್ನು ನಕ್ಷೆ ನೋಡಿ ವಿವರಿಸುತ್ತಿದ್ದರು; ಆತ ಅಲ್ಲಿಗೆ ದಿನಕ್ಕೆ ನಾಲ್ಕು ಸಲ ಹೋಗಿಬರುವವನು. ಅತ್ತೆ ಷಟರ್ ಎಳೆಯುವ ಮುಂಚೆ ಷೋಕೇಸಿನ ಬಾಗಿಲು ತೆಗೆದರು. ನಗುವ ಮದುಮಕ್ಕಳು, ಮೀಸೆಯ ಯಜಮಾನರು, ಗುಳಿಕೆನ್ನೆಯ ಮಕ್ಕಳು ತುಂಬಿದ್ದ ಆ ಗಾಜಿನ ಪೆಟ್ಟಿಗೆಯ ನಟ್ಟನಡುವೆ, ಬ್ಯಾಗಿನಿಂದ ತೆಗೆದ ಆ ಫೋಟೋವನ್ನು ಅಂಟಿಸಿದರು.

ಟೈಲರ್ ಬಗ್ಗಿ ನೋಡಿದ. ಗಾಬರಿಯಾದ. ಇಡೀ ಬೀದಿಯ ಮುಂದೆ ಮಾವನ ಮಾನ ಹೋಗುತ್ತದೆ ಎಂದು ಅವನಿಗೆ ಪ್ರಾಮಾಣಿಕವಾಗಿ ಅನ್ನಿಸಿತು.

“ಅತ್ತೆ, ಇದನ್ನ ಹಾಗೇ ಇಟ್ಟುಬಿಟ್ರಲ್ಲ. ಒಂಚೂರು ಟಚಪ್ ಮಾಡಿಸಬಹುದಿತ್ತು,” ಎಂದ.

ಅತ್ತೆ ಷಟರ್ ಎಳೆದು ಬೀಗ ಹಾಕಿದರು, ಬೀಗವನ್ನು ಒಮ್ಮೆ ಜಗ್ಗಿ ನೋಡಿದರು.

“ಅದರಲ್ಲಿ ತೆಗೆಯೋಕೆ ಏನಿದೆ?” ಎಂದು ಕೇಳಿ ಕಾರು ಹತ್ತಿದರು.